ಮೊಬಿ ಡಿಕ್ ಓದಲು ಹೋಗಿ ಡಿಕ್ಷನರಿಯಲ್ಲೇ ಮುಳುಗಿದ್ದೇನೆ

ಪ್ರಶ್ನೆ: ತಿಮಿಂಗಿಲ ಬೇಟೆಯ ಕಥೆ ಹೇಳುವ 1851ರ ಈ ಇಂಗ್ಲಿಷ್ ಕಾದಂಬರಿಯಲ್ಲಿ 135 ಅಧ್ಯಾಯ. ನಾನಿನ್ನೂ 9ನೆಯದರಲ್ಲಿ, ಆ ಪಾದ್ರಿಯ ಪ್ರವಚನದ ಹತ್ತಿರವೇ ಸಿಕ್ಕಿಕೊಂಡಿದ್ದೇನೆ. ಪುಟಕ್ಕೆ ಹತ್ತು ಪದ ಗೊತ್ತಾಗಲ್ಲ, ಪ್ರತಿ ಸಲ ಫೋನ್ ತೆಗೆದು ಅರ್ಥ ನೋಡಿ ವಾಪಸ್ ಬರುವಷ್ಟರಲ್ಲಿ ಕಥೆಯೇ ಮರೆತಿರುತ್ತದೆ. ಜಿಆರ್‌ಇ (ವಿದೇಶದಲ್ಲಿ ಉನ್ನತ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ) ಪದಪಟ್ಟಿ ಬಾಯಿಪಾಠ ಮಾಡಿದರೆ ಉಪಯೋಗ ಆಗುತ್ತಾ?

ಉತ್ತರ 1: ಪಟ್ಟಿ ಬೇಡ ಮಾರಾಯ್ರೇ. ನಾನೂ ಮಾಡಿದ್ದೆ, ಆರು ತಿಂಗಳಲ್ಲಿ ಎಲ್ಲಾ ಖಾಲಿ. ಮೊಬಿ ಡಿಕ್‌ನಲ್ಲಿ ಹಡಗಿನ ಪದಗಳೇ ಜಾಸ್ತಿ. ಫೋರ್‌ಕ್ಯಾಸಲ್ ಅಂದರೆ ಹಡಗಿನ ಮುಂಭಾಗ, ನಾವಿಕರು ಮಲಗುವ ಜಾಗ, ಅಷ್ಟು ಗೊತ್ತಾದರೆ ಸಾಕು. ಪೆನ್ಸಿಲಿನಲ್ಲಿ ಗೆರೆ ಎಳೆದು ಮುಂದೆ ಹೋಗಿ, ಅದೇ ಪದ ಮೂರನೇ ಸಲ ಸಿಕ್ಕಾಗ ಮಾತ್ರ ಡಿಕ್ಷನರಿ ನೋಡಿ.

ಉತ್ತರ 2: ಇಂಗ್ಲಿಷ್ ಪದಗಳ ಲ್ಯಾಟಿನ್ ಬೇರುಗಳನ್ನೂ ಸ್ವಲ್ಪ ಕಲಿಯಿರಿ. ಲೊಕ್ವಿ ಅಂದರೆ ಮಾತಾಡುವುದು. ಲೊಕ್ವೇಶಿಯಸ್ ಅಂದರೆ ವಾಚಾಳಿ, ಸಾಲಿಲೊಕ್ವಿ ಅಂದರೆ ಸ್ವಗತ. ಒಂದು ಬೇರು, ನಾಲ್ಕಾರು ಪದ.

ಉತ್ತರ 3: ನನಗೆ ಮೋಸ ಮಾಡಿದ್ದು ಗೊತ್ತಿರುವ ಪದಗಳೇ. ಹಳೇ ಪುಸ್ತಕಗಳಲ್ಲಿ ಆಫುಲ್ (awful) ಅಂದರೆ ಎಷ್ಟೋ ಕಡೆ ಕೆಟ್ಟದ್ದು ಅಂತಲ್ಲ, ಭಯ-ಬೆರಗು ಹುಟ್ಟಿಸುವಂಥದ್ದು ಅಂತ!

ಪ್ರಶ್ನೆ ಕೇಳಿದವರು: ಮೂರನೇ ಸಲದ ನಿಯಮ ನಿನ್ನೆ ರಾತ್ರಿ ಟ್ರೈ ಮಾಡಿದೆ. ಒಂದೇ ಸಲಕ್ಕೆ ಹದಿನೆಂಟು ಪುಟ! ಫೋನ್ ಬೇರೆ ರೂಮಿನಲ್ಲಿತ್ತು ಅನ್ನಿ.