ಹೊಸ ಕನ್ಸೋಲ್ ಆನ್ ಮಾಡಿದ ತಕ್ಷಣ ಅಪ್ಡೇಟ್ ಕೇಳ್ತಿದೆ, ಹಾಕ್ಲಾ ಬೇಡ್ವಾ?

ಮೊದಲನೇಬಾಕ್ಸ್

ಎಲ್ರಿಗೂ ನಮಸ್ಕಾರ. ಜೀವನದಲ್ಲಿ ಮೊದಲನೇ ಸಲ ಕನ್ಸೋಲ್ ಲಾಂಚ್ ಆದ ವಾರದಲ್ಲೇ ತಗೊಂಡಿದೀನಿ, ಇಲ್ಲಿವರೆಗೂ ಸೆಕೆಂಡ್ ಹ್ಯಾಂಡ್‌ನಲ್ಲೇ ಕಾಲ ಹಾಕಿದವನು. ಬಾಕ್ಸ್ ತೆಗೆದು ಟಿವಿಗೆ ಹಾಕಿ ಆನ್ ಮಾಡಿದ್ರೆ ಭಾಷೆ ಕೇಳ್ತು, ವೈಫೈ ಕೇಳ್ತು, ಆಮೇಲೆ "ಸಿಸ್ಟಂ ಅಪ್ಡೇಟ್ ಇದೆ" ಅಂತ ನಿಂತಿದೆ. ನಾನು ಸುಮ್ನೆ ಒತ್ತಿಬಿಡ್ಬೇಕಿತ್ತು, ಆದ್ರೆ ಒತ್ತೋಕೆ ಮುಂಚೆ ಫೋನಲ್ಲಿ ಒಂದ್ಸಲ ಸರ್ಚ್ ಮಾಡಿದೆ ನೋಡಿ ಅಲ್ಲೇ ತಪ್ಪಾಗಿದ್ದು, ಅಪ್ಡೇಟ್ ಮಧ್ಯದಲ್ಲಿ ಸತ್ತೋಯ್ತು, ಬ್ರಿಕ್ ಆಯ್ತು (ಅಂದ್ರೆ ಇಟ್ಟಿಗೆ ಥರ ಕೆಲಸಕ್ಕೆ ಬಾರದಂಗಾಯ್ತು), ಕಪ್ಪು ಸ್ಕ್ರೀನ್ ಬಂತು ಅಂತ ಎರಡು ಗಂಟೆಯಿಂದ ಅದನ್ನೇ ಓದ್ತಾ ಕೂತಿದೀನಿ.

ನಮ್ಮನೇಲಿ ಕರೆಂಟ್ ಆಗಾಗ ಕೈ ಕೊಡತ್ತೆ. ನೆಟ್ ಬೇರೆ ಫೋನ್ ಹಾಟ್‌ಸ್ಪಾಟ್‌ದು. ಈಗ ಏನ್ ಮಾಡ್ಲಿ? ಒಂದೆರಡು ವಾರ ತಡೆದು ಬಗ್ ಎಲ್ಲಾ ಸರಿ ಮಾಡಿದ ಮೇಲೆ ಹಾಕೋದು ಒಳ್ಳೇದಾ? ಅಥವಾ ನೆಟ್ ಕೊಡದೇ ಡಿಸ್ಕ್ ಹಾಕ್ಕೊಂಡು ಆಡ್ತಾ ಇರ್ಬಹುದಾ? ಅಪ್ಡೇಟ್ ನಡೆಯೋವಾಗ ಕರೆಂಟ್ ಹೋದ್ರೆ ನಿಜವಾಗ್ಲೂ ಎಲ್ಲಾ ಮುಗೀತಾ, ಇಲ್ಲ ಜನ ಸುಮ್ನೆ ಹೆದರಿಸ್ತಾರಾ?

ಹಳೇಕಾರ್ಟ್ರಿಜ್

ತಡಿ ಗುರು, ಒತ್ತಬೇಡ. ನಾನು ಯಾವ ಕನ್ಸೋಲ್ ತಗೊಂಡ್ರೂ ಮೊದಲ ವಾರ ಅಪ್ಡೇಟ್ ಹಾಕಲ್ಲ, ಬೇರೆಯವರದ್ದು ಏನಾಗತ್ತೆ ನೋಡ್ಕೊಂಡು ಹಾಕ್ತೀನಿ.

ಕಾರಣ ಇದೆ. 2012 ನವೆಂಬರ್‌ನಲ್ಲಿ ನಿಂಟೆಂಡೋ ವೀ ಯು ಬಂದಾಗ ಮೊದಲ ದಿನವೇ ಭಾರೀ ಅಪ್ಡೇಟ್ ಇತ್ತು, ಅದು ಇಲ್ದೇ ಆನ್‌ಲೈನ್ ಅಂಗಡಿನೂ ಇಲ್ಲ ಹಳೇ ವೀ ಗೇಮ್ಸ್ ಕೂಡ ಇಲ್ಲ. ಒಂದು ಗಂಟೆ ಮೇಲೆ ಹಿಡೀತಿತ್ತು. ಬಾರ್ ಮುಂದಕ್ಕೇ ಹೋಗ್ತಿಲ್ಲ, ಹ್ಯಾಂಗ್ ಆಗಿದೆ ಅಂದ್ಕೊಂಡು ಪ್ಲಗ್ ಕಿತ್ತವರಲ್ಲಿ ಕೆಲವರ ಕನ್ಸೋಲ್ ಮತ್ತೆ ಏಳ್ಲೇ ಇಲ್ಲ. ಸೋನಿ ಪ್ಲೇಸ್ಟೇಷನ್ 3, ಅಂದ್ರೆ ಪಿಎಸ್3ಗೆ 2008 ಜುಲೈನಲ್ಲಿ 2.40 ಅನ್ನೋ ಅಪ್ಡೇಟ್ ಬಿಟ್ರು, ಗೇಮ್‌ನಲ್ಲಿ ಸಾಧನೆಗೆ ಸಿಗೋ ಟ್ರೋಫಿ ಬಂತು ಅಂತ ಎಲ್ಲಾ ಕುಣಿದಾಡಿದ್ರು, ಕೆಲವರ ಮಶೀನ್ ಬೂಟ್ ಆಗ್ತಿಲ್ಲ ಅಂತ ಗಲಾಟೆ ಆಗಿ ಸೋನಿ ಅದನ್ನ ವಾಪಸ್ ತಗೊಂಡು ಕೆಲವು ದಿನ ಬಿಟ್ಟು 2.41 ಕೊಡ್ತು. 2013 ಜೂನ್‌ನಲ್ಲಿ 4.45 ಕೂಡ ಹಂಗೇ ಆಯ್ತು, ಅದೂ ವಾಪಸ್ ಹೋಯ್ತು. ಎರಡು ಸಲಾನೂ ಮೊದಲ ದಿನ ಓಡಿ ಹೋಗಿ ಹಾಕಿದವರೇ ಸಿಕ್ಕಿಹಾಕ್ಕೊಂಡಿದ್ದು, ಸೋಮಾರಿಗಳು ಬಚಾವ್.

ಸೋಲ್ಡರ್‌ಹೊಗೆ

ಹಳೇಕಾರ್ಟ್ರಿಜ್ ಅಣ್ಣ ಹೇಳಿದ ಇತಿಹಾಸ ಸರಿ, ಅದ್ರಿಂದ ತೆಗೆದ ತೀರ್ಮಾನ ಮಾತ್ರ ನಂಗೆ ಒಪ್ಪಿಗೆ ಇಲ್ಲ. ಪಿಎಸ್3 ಬಂದಿದ್ದು 2006ರ ಕೊನೇಲಿ. 2.40 ಬಂದಾಗ ಅದಕ್ಕೆ ಒಂದೂವರೆ ವರ್ಷ ದಾಟಿತ್ತು, 4.45 ಬಂದಾಗ ಆರು ವರ್ಷ ದಾಟಿತ್ತು. ಅಂದ್ರೆ ಎರಡು ವಾರ ಕಾದ್ರೆ ಸೇಫ್ ಅನ್ನೋ ಲೆಕ್ಕ ಎಲ್ಲಿಂದ ಬಂತು? ಕೆಟ್ಟ ಅಪ್ಡೇಟ್ ಯಾವ ವಯಸ್ಸಿನ ಕನ್ಸೋಲಿಗೂ ಬರಬಹುದು.

ನಾನು ರಿಪೇರಿ ಕೆಲಸ ಮಾಡೋನು, ನನ್ನ ಟೇಬಲ್ ಮೇಲೆ ಬರೋ "ಅಪ್ಡೇಟ್ ಹಾಕಿದ್ಮೇಲೆ ಸತ್ತೋಯ್ತು ಸಾರ್" ಕೇಸ್‌ಗಳಲ್ಲಿ ಬಹಳಷ್ಟು ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋದಂಥವು. ಹೊಸ ಮಶೀನ್‌ನಲ್ಲಿ ಸ್ಟೋರೇಜ್ ಚಿಪ್ಪೋ ಒಂದು ಸೋಲ್ಡರ್ ಜಾಯಿಂಟೋ ಫ್ಯಾಕ್ಟರಿಯಿಂದಲೇ ಸೊರಗಿರತ್ತೆ, ಅದಕ್ಕೆ ಮೊದಲನೇ ಸಲ ಒಟ್ಟಿಗೇ ಇಷ್ಟು ಬರೆಯೋ ಕೆಲಸ ಬೀಳೋದು, ನಾಲ್ಕೈದು ಸಲ ರೀಬೂಟ್ ಆಗೋದು ಈ ಅಪ್ಡೇಟ್‌ನಲ್ಲೇ, ಅಲ್ಲೇ ಮಂಡಿ ಊರತ್ತೆ. ಅಪ್ಡೇಟ್ ಇಲ್ದೇ ಇದ್ರೆ ಎರಡು ತಿಂಗಳ ಮೇಲೆ ಯಾವುದೋ ಗೇಮ್ ಇನ್‌ಸ್ಟಾಲ್ ಮಾಡೋವಾಗ ಊರ್ತಿತ್ತು. ಹಂಗಾಗಿ ನಾನು ಹೇಳೋದು ಉಲ್ಟಾ: ಹಾಳಾಗೋದೇ ಆದ್ರೆ ಬಿಲ್ಲು, ಬಾಕ್ಸು, ಥರ್ಮಾಕೋಲು ಎಲ್ಲಾ ಕೈಯಲ್ಲಿ ಇರೋವಾಗ, ಬದಲಾಯಿಸಿಕೊಡೋ ಗಡುವು ಮುಗಿಯೋ ಮುಂಚೆ ಹಾಳಾಗ್ಲಿ. ತಡ ಮಾಡಿ ಆ ಗಡುವನ್ನ ಕಳ್ಕೊಳ್ಳೋದೇ ದೊಡ್ಡ ರಿಸ್ಕ್.

ಈಗ ನಿನ್ನ ಕರೆಂಟ್ ಪ್ರಶ್ನೆ. ಅಪ್ಡೇಟ್‌ನಲ್ಲಿ ಎರಡು ಭಾಗ ಇರತ್ತೆ. ಡೌನ್‌ಲೋಡ್ ಆಗೋವಾಗ ಫೈಲ್ ಒಂದು ಮೂಲೇಲಿ ಬಂದು ಬೀಳ್ತಿರತ್ತೆ ಅಷ್ಟೇ, ಈಗಿನ ಕನ್ಸೋಲ್‌ಗಳಲ್ಲಿ ನೆಟ್ ಹೋದ್ರೂ ಕರೆಂಟ್ ಹೋದ್ರೂ ಸಾಮಾನ್ಯವಾಗಿ ನಿಂತಲ್ಲಿಂದ ಇಲ್ಲ ಮೊದಲಿಂದ ಮತ್ತೆ ಶುರು ಆಗತ್ತೆ. ಇನ್‌ಸ್ಟಾಲ್ ಆಗೋವಾಗ ಕಥೆ ಬೇರೆ. ಫ್ಲ್ಯಾಶ್ ಮೆಮೊರಿ ನೋಟ್‌ಬುಕ್ ಥರ ಅಲ್ಲ, ಒಂದು ಸಾಲು ಅಳಿಸಿ ಅಲ್ಲೇ ಬರೆಯೋಕಾಗಲ್ಲ, ಒಂದು ಇಡೀ ಬ್ಲಾಕ್ ಅಳಿಸಿ ಆಮೇಲೇ ಬರೀಬೇಕು. ಅಳಿಸಾಗಿದೆ, ಇನ್ನೂ ಬರೆದಿಲ್ಲ, ಆ ಗ್ಯಾಪಲ್ಲಿ ಕರೆಂಟ್ ಹೋದ್ರೆ ಅಲ್ಲಿ ಹಳೇದೂ ಇಲ್ಲ ಹೊಸದೂ ಇಲ್ಲ. ಆ ಜಾಗ ಮಾಮೂಲಿ ಸಿಸ್ಟಂ ಫೈಲ್ ಆಗಿದ್ರೆ ರಿಕವರಿಯಿಂದ ಎಬ್ಬಿಸಬಹುದು. ಬೂಟ್‌ಲೋಡರ್ ಆಗಿದ್ರೆ, ಅಂದ್ರೆ ಮಶೀನ್ ಕಣ್ಣು ಬಿಟ್ಟ ಕೂಡ್ಲೇ ಮೊದಲು ಓದೋ ಭಾಗ ಆಗಿದ್ರೆ, ಮನೇಲಿ ಮಾಡೋ ಕೆಲಸ ಅಲ್ಲ. ಈಗಿನವು ಈ ವಿಷ್ಯದಲ್ಲಿ ಬುದ್ಧಿವಂತ, ಸೇಫ್ ಮೋಡ್ (ಸಿಸ್ಟಂ ಕೆಟ್ಟಾಗ ರಿಪೇರಿಗೆ ಅಂತ ಇರೋ ಸಣ್ಣ ಮೆನು) ಬೇರೆ ಕಡೆ ಇಟ್ಟಿರ್ತಾರೆ, ಹಂಗಂತ ಪರೀಕ್ಷೆ ಮಾಡೋಕೆ ಹೋಗಬೇಡ.

ಕರೆಂಟ್ ಗಟ್ಟಿಯಾಗಿ ಇರೋ ಹೊತ್ತು ನೋಡ್ಕೊ, ಯುಪಿಎಸ್ ಸಿಕ್ಕರೆ ಕನ್ಸೋಲ್ ಮಾತ್ರ ಅದಕ್ಕೆ ಹಾಕು, ಟಿವಿ ಬೇಡ. ಹೊರಗಿನ ಹಾರ್ಡ್‌ಡಿಸ್ಕ್, ಡಾಕ್ (ಕನ್ಸೋಲ್ ಕೂರಿಸಿ ಟಿವಿಗೆ ಜೋಡಿಸೋ ಸ್ಟ್ಯಾಂಡ್) ಏನಿದ್ರೂ ಬಿಚ್ಚಿಡು. ಬಾರ್ ನಿಂತಂಗೆ ಕಂಡ್ರೆ ಒಂದು ಗಂಟೆ ಮುಟ್ಟಬೇಡ. ವೀ ಯುನಲ್ಲಿ ಕೈ ಕಚ್ಚಿದ್ದೇ ಆ ಅವಸರ.

ಪ್ಲಗ್‌ಪುರಾಣ

ಕರೆಂಟ್ ಬಿಡಿ, ಮನೆಯವರ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ನಂದು 70 ಪರ್ಸೆಂಟ್ ಇನ್‌ಸ್ಟಾಲ್ ಆಗಿತ್ತು, ನಾನು ನೀರು ಕುಡಿಯೋಕೆ ಎದ್ದು ಹೋಗಿ ಬರೋದ್ರೊಳಗೆ ನಮ್ಮಮ್ಮ ಕಸ ಗುಡಿಸ್ತಾ "ಇದ್ಯಾಕೆ ಸುಮ್ನೆ ಉರೀತಿದೆ" ಅಂತ ಸ್ವಿಚ್ ಆಫ್ ಮಾಡಿದ್ರು. ಆನ್ ಮಾಡಿದ್ರೆ ಲೈಟ್ ಮಿಣುಕ್ತಿದೆ, ಟಿವಿ ಮೇಲೆ ಏನೂ ಇಲ್ಲ. ಅಮ್ಮಂಗೆ ಬೈಯೋಕೂ ಆಗಲ್ಲ, ಅಳೋಕೂ ಆಗಲ್ಲ. ಸೇಫ್ ಮೋಡ್‌ಗೆ ಹೋಗಿ ಪೂರ್ತಿ ರೀಇನ್‌ಸ್ಟಾಲ್ ಮಾಡಿ ಎದ್ದಿತು ಪುಣ್ಯಕ್ಕೆ, ಆದ್ರೆ ಬ್ಯಾಕಪ್ ಇಲ್ದೇ ಇದ್ದ ಸೇವ್ ಎಲ್ಲಾ ಗೋವಿಂದ. ಅವತ್ತಿಂದ ಅಪ್ಡೇಟ್ ಹಾಕಿದ್ರೆ ಸ್ವಿಚ್ ಬೋರ್ಡ್ ಮೇಲೆ ಚೀಟಿ ಅಂಟಿಸ್ತೀನಿ.

ಫ್ಯೂಸ್‌ಹೋದವನು

ಎಲ್ರೂ ಬ್ರಿಕ್ ಬ್ರಿಕ್ ಅಂತಿದೀರಾ, ಅದು ನೂರಕ್ಕೊಂದೋ ಸಾವಿರಕ್ಕೊಂದೋ ನಂಗೊತ್ತಿಲ್ಲ, ನಂಗೆ ಅದಕ್ಕಿಂತ ತಲೆ ಕೆಡೋದು ಅಪ್ಡೇಟ್ ಸರಿಯಾಗೇ ಆಗಿ ಆಮೇಲೆ ವಾಪಸ್ ಹೋಗೋಕೆ ಆಗ್ದೇ ಇರೋದು. ಪಿಎಸ್3 ಬಂದಾಗ ಅದರ ಮೇಲೆ ಲಿನಕ್ಸ್ (ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ಸಿಸ್ಟಂ) ಹಾಕ್ಕೊಳ್ಳೋ ಸೌಲಭ್ಯ ಇತ್ತು, ಅದಕ್ಕೋಸ್ಕರವೇ ತಗೊಂಡವರು ಇದ್ರು. 2010 ಏಪ್ರಿಲ್ 1ಕ್ಕೆ 3.21 ಬಂತು, ಆ ಸೌಲಭ್ಯ ತೆಗೆದುಹಾಕಿದ್ರು (ಏಪ್ರಿಲ್ ಫೂಲ್ ಅಂದ್ಕೊಂಡವರೂ ಇದ್ರಂತೆ). ಹಾಕದೇ ಇದ್ರೆ ಆನ್‌ಲೈನ್ ಇಲ್ಲ, ಹಾಕಿದ್ರೆ ಲಿನಕ್ಸ್ ಇಲ್ಲ, ಯಾವುದು ಬೇಕೋ ಆರಿಸ್ಕೊ ಅಂತ. ಅಮೆರಿಕದಲ್ಲಿ ಅದರ ಮೇಲೆ ಕೇಸ್ ನಡೆದು ವರ್ಷಾನುಗಟ್ಟಲೆ ಎಳೆದು ಕೊನೆಗೆ ರಾಜಿ ಆಯ್ತು.

ಇನ್ನು ನಿಂಟೆಂಡೋದ ಸ್ವಿಚ್ ಅನ್ನೋ ಕನ್ಸೋಲ್‌ನಲ್ಲಿ ಚಿಪ್ಪಿನ ಒಳಗೇ ಸಣ್ಣ ಫ್ಯೂಸ್‌ಗಳು ಇವೆ, ಕೆಲವು ಅಪ್ಡೇಟ್ ಹಾಕಿದಾಗ ಅದ್ರಲ್ಲಿ ಒಂದನ್ನ ಬೇಕಂತಲೇ ಸುಡ್ತಾರೆ. ಸುಟ್ಟ ಫ್ಯೂಸ್ ಎಣಿಸಿ ನೋಡಿ ಹಳೇ ಫರ್ಮ್‌ವೇರ್ (ಮಶೀನ್ ನಡೆಸೋ ಒಳಗಿನ ಸಾಫ್ಟ್‌ವೇರ್) ಇದ್ರೆ ಬೂಟ್ ಆಗೋಕೆ ಬಿಡಲ್ಲ. ಎಕ್ಸ್‌ಬಾಕ್ಸ್ 360 ಕಾಲದಿಂದಲೂ ಈ ವಿದ್ಯೆ ಇದೆ. ಹಂಗಾಗಿ ಇಷ್ಟ ಆಗ್ಲಿಲ್ಲ ಹಳೇದಕ್ಕೆ ಹೋಗ್ತೀನಿ ಅನ್ನೋ ಮಾತೇ ಇಲ್ಲ.

ಇನ್ನೊಂದು, ಕಂಪನಿದಲ್ಲದ ಡಾಕ್ ಇಟ್ಕೊಂಡಿದ್ರೆ ಹುಷಾರು. 2018 ಮಾರ್ಚ್‌ನಲ್ಲಿ ಸ್ವಿಚ್‌ಗೆ 5.0 ಬಂದಮೇಲೆ ಬೇರೆ ಕಂಪನಿ ಡಾಕ್‌ಗೆ ಹಾಕಿದ ಕೆಲವು ಸ್ವಿಚ್‌ಗಳು ಚಾರ್ಜೇ ಆಗ್ದೇ ಸತ್ತವು.

ಆಟೋ ಅಪ್ಡೇಟ್ ಕೂಡ ಆಫ್ ಮಾಡ್ಕೊ. ಪಿಎಸ್4ಗೆ 2014 ಅಕ್ಟೋಬರ್ ಕೊನೇಲಿ 2.00 ಬಂದಾಗ ರೆಸ್ಟ್ ಮೋಡ್‌ಗೆ ಹೋದ ಮಶೀನ್ ಎಚ್ಚರ ಆಗ್ತಿರಲಿಲ್ಲ, ವಾರದೊಳಗೆ 2.01 ಬಂತು. ಮಲಗಿದ್ದಾಗ ತಾನೇ ಅಪ್ಡೇಟ್ ಹಾಕ್ಕೊಂಡು ತಾನೇ ಏಳದೇ ಇರೋದು ಯಾರಿಗೆ ಬೇಕು.

ಮೊದಲನೇಬಾಕ್ಸ್

ಅಯ್ಯೋ ಇಷ್ಟು ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್, ಭಯ ಕಮ್ಮಿ ಆಯ್ತೋ ಜಾಸ್ತಿ ಆಯ್ತೋ ಗೊತ್ತಾಗ್ತಿಲ್ಲ. ನೆಟ್ ಕೊಡದೇ ಆಡಬಹುದಾ ಅನ್ನೋದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ಆಮೇಲೆ ಪೆನ್‌ಡ್ರೈವ್‌ನಿಂದ ಹಾಕಬಹುದಂತೆ ಹೌದಾ, ಹಾಟ್‌ಸ್ಪಾಟ್ ಮೇಲೆ ನಂಗೆ ನಂಬಿಕೆ ಇಲ್ಲ.

ಸೋಲ್ಡರ್‌ಹೊಗೆ

ನೆಟ್ ಇಲ್ದೇ ಆಡೋದು ಕನ್ಸೋಲ್ ಮೇಲೆ ಹೋಗತ್ತೆ. ಎಕ್ಸ್‌ಬಾಕ್ಸ್ ಒನ್ 2013ರಲ್ಲಿ ಬಂದಾಗ ಮೊದಲ ದಿನದ ಅಪ್ಡೇಟ್ ಹಾಕದೇ ಏನೂ ನಡೀತಿರಲಿಲ್ಲ. 2025 ಜೂನ್‌ನಲ್ಲಿ ಬಂದ ಸ್ವಿಚ್ 2ನಲ್ಲಿ ಹಳೇ ಸ್ವಿಚ್ ಗೇಮ್ಸ್ ಆಡೋಕೆ ಅಪ್ಡೇಟ್ ಬೇಕಿತ್ತು. ಯಾಕಂದ್ರೆ ಮಶೀನ್ ಫ್ಯಾಕ್ಟರಿಯಿಂದ ಲಾಂಚ್‌ಗೆ ಎಷ್ಟೋ ಮುಂಚೆ ಹೊರಟಿರತ್ತೆ, ಸಾಫ್ಟ್‌ವೇರ್ ಬರೆಯೋರು ಆಮೇಲೂ ಬರೀತಾನೇ ಇರ್ತಾರೆ. ಬಾಕ್ಸ್‌ನಲ್ಲಿ ನಿಂಗೆ ಸಿಗೋದು ಅರ್ಧ ಬೆಂದ ಸಿಸ್ಟಂ. ಅದ್ರಲ್ಲೇ ಬಗ್ ಜಾಸ್ತಿ ಇರತ್ತೆ, ಅಪ್ಡೇಟ್ ಹಾಕದೇ ಇರೋದನ್ನ ಸೇಫ್ ಅನ್ನೋಕೆ ಆಗದೇ ಇರೋದಕ್ಕೆ ಇದೂ ಒಂದು ಕಾರಣ.

ಪೆನ್‌ಡ್ರೈವ್ ಆಗತ್ತೆ, ನಿನ್ನಂಥ ನೆಟ್ ಇದ್ದೋರಿಗೆ ಅದೇ ಸರಿ. ಪ್ಲೇಸ್ಟೇಷನ್ ಆದ್ರೆ ಡ್ರೈವ್‌ನ ಫ್ಯಾಟ್32 ಇಲ್ಲ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಪಿಎಸ್5 ಅಂತ ಫೋಲ್ಡರ್, ಅದ್ರೊಳಗೆ ಅಪ್ಡೇಟ್ ಅಂತ ಇನ್ನೊಂದು, ಎರಡೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಅದ್ರೊಳಗೆ ಫೈಲ್. ಮಶೀನ್ ಪೂರ್ತಿ ಆಫ್ ಮಾಡಿ ಪವರ್ ಬಟನ್ ಒತ್ತಿ ಹಿಡ್ಕೊ, ಎರಡನೇ ಬೀಪ್ ಬಂದಾಗ ಬಿಡು, ಕಂಟ್ರೋಲರ್‌ನ ಕೇಬಲ್‌ನಲ್ಲಿ ಹಾಕು. ಮೂರನೇ ಆಪ್ಷನ್ ಬರೀ ಅಪ್ಡೇಟ್, ಏಳನೇದು ಎಲ್ಲಾ ಅಳಿಸಿ ರೀಇನ್‌ಸ್ಟಾಲ್, ಗಾಬರೀಲಿ ಏಳು ಒತ್ತಬೇಡ. ಪಿಎಸ್4ನವರಿಗೆ ಒಂದು ಕಿತಾಪತಿ ಇದೆ, ಅಪ್ಡೇಟ್ ಫೈಲೂ ರೀಇನ್‌ಸ್ಟಾಲ್ ಫೈಲೂ ಬೇರೆ ಬೇರೆ ಆದ್ರೆ ಹೆಸರು ಒಂದೇ, ಸೈಜ್ ನೋಡೇ ಗೊತ್ತು ಮಾಡ್ಕೋಬೇಕು. ಎಕ್ಸ್‌ಬಾಕ್ಸ್‌ಗೆ ಡ್ರೈವ್ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಆಗಿರ್ಬೇಕು, ಇಲ್ಲಾಂದ್ರೆ ಗುರುತೇ ಹಿಡಿಯಲ್ಲ. ಫೈಲ್ ಮಾತ್ರ ಕಂಪನಿ ಸೈಟ್‌ನಿಂದಲೇ ಇಳಿಸ್ಕೊ, ಯಾರೋ ಗ್ರೂಪ್‌ನಲ್ಲಿ ಹಾಕಿದ್ದು ಬೇಡ.

ಹಳೇಕಾರ್ಟ್ರಿಜ್

ಗಡುವಿನ ಮಾತು ಮಾತ್ರ ಒಪ್ಕೊಂಡೆ ಸೋಲ್ಡರ್, ಅದನ್ನ ನಾನು ಯೋಚನೆ ಮಾಡಿರಲಿಲ್ಲ. ಆದ್ರೂ ಬಾಕ್ಸ್‌ನಿಂದ ತೆಗೆದು ಹಾಕೋ ಮೊದಲನೇ ಅಪ್ಡೇಟ್ ಬೇರೆ, ಆಮೇಲೆ ಬರೋ ದೊಡ್ಡ ಅಪ್ಡೇಟ್‌ಗಳು ಬೇರೆ. ಎರಡನೇದಕ್ಕೆ ನಾನು ಈಗ್ಲೂ ಮೂರು ದಿನ ಕಾಯೋನೇ. ಆಡ್ತಾ ಇರೋ ಮಶೀನ್‌ಗೆ ಅರ್ಜೆಂಟ್ ಏನಿದೆ. ಅಂದಹಾಗೆ ಕಂಪನಿಗಳು ಯಾವಾಗ್ಲೂ ಕೈ ತೊಳ್ಕೊಳ್ಳಲ್ಲ, 2011ರಲ್ಲಿ ಎಕ್ಸ್‌ಬಾಕ್ಸ್ 360 ಅಪ್ಡೇಟ್ ಆದ್ಮೇಲೆ ಕೆಲವು ಮಶೀನ್‌ಗಳು ಡಿಸ್ಕ್ ಓದದೇ ಹೋದಾಗ ಮೈಕ್ರೋಸಾಫ್ಟ್ ಹೊಸ 250 ಜಿಬಿ ಮಶೀನ್ ಜೊತೆಗೆ ಒಂದು ವರ್ಷದ ಲೈವ್ (ಆನ್‌ಲೈನ್ ಆಡೋ ಚಂದಾ) ಕೊಡ್ತು. ನನ್ನ ಫ್ರೆಂಡ್ ಒಬ್ಬ ತನ್ನದು ಯಾಕೆ ಕೆಡಲಿಲ್ಲ ಅಂತ ಬೇಜಾರ್ ಮಾಡ್ಕೊಂಡಿದ್ದ.

ಮೊದಲನೇಬಾಕ್ಸ್

ಹಾಕಿದೆ!! ಪೆನ್‌ಡ್ರೈವ್‌ನಿಂದಲೇ. ಬೆಳಗ್ಗೆ ಐದೂವರೆಗೆ ಎದ್ದು, ಆ ಹೊತ್ತಲ್ಲಿ ನಮ್ಮಲ್ಲಿ ಕರೆಂಟ್ ಹೋಗಿದ್ದು ನಾನು ಕಂಡಿಲ್ಲ, ಸ್ವಿಚ್ ಬೋರ್ಡ್ ಮೇಲೆ ಚೀಟಿ ಕೂಡ ಅಂಟಿಸಿದ್ದೆ. ಒಂದ್ಸಲ ಸ್ಕ್ರೀನ್ ಪೂರ್ತಿ ಕಪ್ಪಾಗಿ ಟಿವಿ "ನೋ ಸಿಗ್ನಲ್" ಅಂತು ನೋಡಿ ಎದೆ ಝಲ್ ಅಂತು, ಕೈ ಪವರ್ ಬಟನ್ ಹತ್ರ ಹೋಗಿತ್ತು, ಸೋಲ್ಡರ್ ಅಣ್ಣ ಬೈದಂಗೆ ಕೇಳಿಸ್ತು, ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತೆ. ಎರಡು ನಿಮಿಷ ಆದ್ಮೇಲೆ ಲೋಗೋ ಬಂತು.

ಈಗ ಕಂಟ್ರೋಲರ್‌ಗೂ ಅಪ್ಡೇಟ್ ಇದೆ ಅಂತಿದೆ. ಅದೂ ಸಾಯತ್ತಾ?

ಸೋಲ್ಡರ್‌ಹೊಗೆ

ಕೇಬಲ್ ಹಾಕಿ ಮಾಡು. ಅರ್ಧದಲ್ಲಿ ಅಲ್ಲಾಡಿಸಬೇಡ.

ಪ್ಲಗ್‌ಪುರಾಣ

ಚೀಟಿ ತೆಗೀಬೇಡ.