ಸಿನಿಮಾ ಶಾಲೆ ಸೇರಬೇಕೇ, ಇಲ್ಲೇ ಚಿತ್ರ ಮಾಡುತ್ತ ಕಲಿಯಬೇಕೇ?

ಪ್ರಶ್ನೆ (ಧಾರವಾಡ):
ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ; ಮೊಬೈಲಿನಲ್ಲಿ ಎರಡು ಕಿರುಚಿತ್ರ ಮಾಡಿದ್ದೇನೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ನಿರ್ದೇಶನ ಕಲಿಯುವ ಆಸೆಯಿದೆ. ಆದರೆ ಮೂರು ವರ್ಷ ದುಡಿಮೆಯಿಲ್ಲದೆ ಕಳೆಯುವುದನ್ನು ಮನೆಯವರು ಒಪ್ಪುತ್ತಿಲ್ಲ. ಓದಿಗೆ ತಗಲುವ ಹಣದಲ್ಲಿ ಕ್ಯಾಮೆರಾ ಕೊಳ್ಳುವುದು ಸರಿಯೇ?

ಉತ್ತರ (ಗದಗ):
ಕ್ಯಾಮೆರಾಕ್ಕೆ ಅವಸರ ಬೇಡ. ನಾನು ಸಿನಿಮಾ ಶಾಲೆಗೆ ಹೋಗದೆ ಕಲಿತವನು. ಅಮ್ಮ ಜೋಳದ ರೊಟ್ಟಿ ಬಡಿಯುವ ದೃಶ್ಯವನ್ನು ಒಂದು ಮುಂಜಾನೆ ಚಿತ್ರಿಸಿದೆ. ಒಲೆಯ ಬೆಳಕು ಅವಳ ಕೈಗಳ ಮೇಲೆ ಚೆನ್ನಾಗಿ ಬಿದ್ದಿತ್ತು, ಆದರೆ ಸಂಕಲನಕ್ಕೆ ಕುಳಿತಾಗ ಬಡಿತದ ಸಪ್ಪಳವೆಲ್ಲ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗಿತ್ತು. ಮೈಕನ್ನು ಸದ್ದಿನ ಮೂಲದ ಹತ್ತಿರ ಇಡಬೇಕೆಂಬ ಇಷ್ಟು ಸಣ್ಣ ಸಂಗತಿ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಶಾಲೆಯಲ್ಲಿ ಅದನ್ನು ಮೊದಲ ವಾರಗಳಲ್ಲೇ ತಿದ್ದುವವರಿರುತ್ತಾರೆ. ಜೊತೆಗೆ ಛಾಯಾಗ್ರಹಣ, ಶಬ್ದಗ್ರಹಣ, ಸಂಕಲನ ಕಲಿಯುವ ಸಹಪಾಠಿಗಳು ಸಿಗುತ್ತಾರೆ, ಅವರೇ ಮುಂದೆ ನಿಮ್ಮ ತಂಡವಾಗುತ್ತಾರೆ. ನನಗೆ ಇಂದಿಗೂ ಕಾಡುವ ಕೊರತೆ ಇದೇ.

ಉತ್ತರ (ಹುಬ್ಬಳ್ಳಿ):
1960ರಲ್ಲಿ ಆರಂಭವಾದ ಪುಣೆಯ ಸಂಸ್ಥೆಯಲ್ಲಿ ಕಲಿತೇ ಗಿರೀಶ ಕಾಸರವಳ್ಳಿಯವರು ಕನ್ನಡ ಚಿತ್ರರಂಗಕ್ಕೆ ಬಂದರು. ಸರ್ಕಾರಿ ಸಂಸ್ಥೆಯಾದರೂ ಶುಲ್ಕ, ವಸತಿ, ಊಟ ಎಲ್ಲ ಸೇರಿದರೆ ಹೊರೆಯೇ, ಸೀಟುಗಳೂ ಕಡಿಮೆ. ಸಾಲ ಮಾಡಿ ದುಬಾರಿ ಖಾಸಗಿ ಕೋರ್ಸಿಗೆ ಮಾತ್ರ ಸೇರಬೇಡಿ, ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಪದವಿ ಮುಗಿಸಿ ಪುಣೆಯ ಪ್ರವೇಶ ಪರೀಕ್ಷೆ ಬರೆಯಿರಿ. ಸೀಟು ಸಿಗದಿದ್ದರೆ ಯಾವುದಾದರೂ ಚಿತ್ರೀಕರಣದಲ್ಲಿ ಸಹಾಯಕರಾಗಿ ಆರು ತಿಂಗಳು ದುಡಿದು ಮತ್ತೆ ಪ್ರಯತ್ನಿಸಿ.

ಪ್ರಶ್ನೆ ಕೇಳಿದವರು:
ಕ್ಯಾಮೆರಾದ ಯೋಚನೆ ಬಿಟ್ಟೆ. ಗದಗಿನವರೇ, ರೊಟ್ಟಿಯ ಆ ದೃಶ್ಯವನ್ನು ಮತ್ತೆ ಚಿತ್ರಿಸುವುದಾದರೆ ಮೈಕು ಹಿಡಿಯಲು ನಾನು ಬರುತ್ತೇನೆ.