ಸರಣಿ ಕೊಲೆಗಳ ಕಾದಂಬರಿಯಲ್ಲಿ ಇಂಥ ತಿರುವು ನ್ಯಾಯವೇ?

ತೀರ್ಥಹಳ್ಳಿ ಓದುಗ:
ಅಡಿಕೆಗೆ ಔಷಧಿ ಹೊಡೆಯಲೂ ಬಿಡುವು ಕೊಡದ ಈ ಮಳೆಯಲ್ಲಿ, ಸರಣಿ ಕೊಲೆಗಳ ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಓದಿ ಮುಗಿಸಿದೆ. ಓದದವರ ಕುತೂಹಲ ಕೆಡಬಾರದೆಂದು ಹೆಸರು ಹೇಳುತ್ತಿಲ್ಲ. ತನಿಖೆಯ ನಡುನಡುವೆ ಕೊಲೆಗಾರನೇ ‘ನಾನು’ ಎಂದು ಮಾತನಾಡುವ ಚಿಕ್ಕ ಅಧ್ಯಾಯಗಳಿವೆ. ಆ ‘ನಾನು’ ಈಗಿನ ಕೊಲೆಗಾರನಲ್ಲ, ಇಪ್ಪತ್ತು ವರ್ಷಗಳ ಹಿಂದೆಯೇ ಸಿಕ್ಕಿಬಿದ್ದವನು, ಈಗಿನವನು ಅವನನ್ನು ಅನುಕರಿಸುತ್ತಿದ್ದಾನೆ ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ಬೆರಗಾಯಿತು, ಆದರೆ ಸಂತೋಷವಾಗಲಿಲ್ಲ. ಇದು ಓದುಗನಿಗೆ ಮಾಡಿದ ಮೋಸವಲ್ಲವೇ?

ಸಾಗರದ ಮೇಷ್ಟರು:
ಇಂಗ್ಲೆಂಡಿನ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕತೆಗಳಿಗೆ ಹತ್ತು ನಿಯಮಗಳನ್ನು ಹಾಕಿದರು. ಅಪರಾಧಿಯು ಕತೆಯ ಮೊದಲ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಆದರೆ ಓದುಗ ಯಾರ ಮನಸ್ಸಿನೊಳಗೆ ಹೊಕ್ಕು ಬಂದಿದ್ದಾನೋ ಅಂಥವನು ಅಪರಾಧಿಯಾಗಿರಕೂಡದು ಎಂಬುದು ಅವುಗಳಲ್ಲಿ ಮೊದಲನೆಯದು. ತಮಾಷೆಯೆಂದರೆ, ನಿಮ್ಮ ಕಾದಂಬರಿ ಈ ನಿಯಮವನ್ನು ಮುರಿದಂತೆ ತೋರುತ್ತಾ ಅಕ್ಷರಶಃ ಪಾಲಿಸಿದೆ. ನೀವು ಹೊಕ್ಕದ್ದು ಹಳೆಯವನ ಮನಸ್ಸನ್ನು.

ದುರ್ಗಿಗುಡಿ, ಶಿವಮೊಗ್ಗ:
ಮೇಷ್ಟರೇ, ಆ ನಿಯಮಗಳು ಒಂದೇ ಮನೆಯೊಳಗೆ ನಡೆದ ಕೊಲೆಗೆ ಹೇಳಿ ಮಾಡಿಸಿದವು. ಅಲ್ಲಿ ಸತ್ತವನಿಂದ ಯಾರಿಗೆ ಲಾಭ ಎಂದು ಕೇಳಿದರೆ ದಾರಿ ಸಿಗುತ್ತದೆ. ಸರಣಿ ಕೊಲೆಗಳಲ್ಲಿ ಕೊಂದವನಿಗೂ ಸತ್ತವರಿಗೂ ಪರಿಚಯವೇ ಇಲ್ಲದಿರಬಹುದು. ಆಗ ಉದ್ದೇಶದ ಜಾಡು ಹಿಡಿದು ಹೋಗಲು ಆಗದು, ಕೊಲೆಗಳನ್ನು ಬೆಸೆಯುವ ಎಳೆಯನ್ನೇ ಹುಡುಕಬೇಕಾಗುತ್ತದೆ. ಆ ಎಳೆಯೇ ಪರದೆಯಾಗಬಲ್ಲದು ಎಂಬುದನ್ನು ಅಗಾಥಾ ಕ್ರಿಸ್ಟಿ 1936ರಲ್ಲೇ, ಅಕ್ಷರಮಾಲೆಯ ಕ್ರಮದಲ್ಲಿ ನಡೆಯುವ ಕೊಲೆಗಳ ಕಾದಂಬರಿಯಲ್ಲಿ ತೋರಿಸಿದ್ದಾರೆ. (ಇದಕ್ಕಿಂತ ಹೆಚ್ಚು ಹೇಳಿದರೆ ಓದದವರ ಶಾಪ ತಟ್ಟೀತು.) ‘ನಾನು’ ಅಧ್ಯಾಯಗಳನ್ನಷ್ಟೇ ಬೇರೆಯಾಗಿ ಮತ್ತೊಮ್ಮೆ ಓದಿ, ಕಾಲದ ಗುರುತುಗಳನ್ನು ನೋಡಿ. ಲೇಖಕ ಮುಚ್ಚಿಟ್ಟಿದ್ದರೆ ಅದು ಆಟದ ಭಾಗ, ಸುಳ್ಳು ಬರೆದಿದ್ದರೆ ಮಾತ್ರ ಮೋಸ.

ತೀರ್ಥಹಳ್ಳಿ ಓದುಗ:
ಓದಿದೆ. ಅವನು ನಾಣ್ಯ ಹಾಕಿ ಫೋನ್ ಮಾಡುತ್ತಾನೆ, ಮೊಬೈಲಿನ ಸುದ್ದಿಯೇ ಇಲ್ಲ. ಅಷ್ಟರ ಮಟ್ಟಿಗೆ ಲೇಖಕರು ಪ್ರಾಮಾಣಿಕರು. ಆದರೆ ಅವನು ಕೊಂದ ಹೆಂಗಸಿನ ಕೊರಳಲ್ಲಿ ಹಸಿರು ಸ್ಕಾರ್ಫ್ ಇರುತ್ತದೆ, ಮುಂದಿನ ಅಧ್ಯಾಯದಲ್ಲಿ ಪತ್ತೇದಾರನಿಗೆ ಸಿಗುವ ಶವದ ಕೊರಳಲ್ಲಿಯೂ ಅದೇ ಇರುತ್ತದೆ. ಎರಡೂ ಒಂದೇ ಕೊಲೆಯೆಂದು ನಂಬಿಸಲು ಮಾಡಿದ ಈ ಹೊಂದಾಣಿಕೆಯನ್ನು ನಾನು ಒಪ್ಪಲಾರೆ.

ದುರ್ಗಿಗುಡಿ, ಶಿವಮೊಗ್ಗ:
ಅನುಕರಿಸುವವನು ಬೇಕೆಂದೇ ಸ್ಕಾರ್ಫ್ ತೊಡಿಸಿರಬಹುದಲ್ಲ? ಹಳೆಯ ಕೊಲೆಯ ಆ ವಿವರ ಅಂದಿನ ಪತ್ರಿಕೆಗಳಲ್ಲಿ ಬಂದಿತ್ತೆಂದು ಕಾದಂಬರಿಯಲ್ಲಿ ಎಲ್ಲಾದರೂ ಇದೆಯೇ ನೋಡಿ.

ತೀರ್ಥಹಳ್ಳಿ ಓದುಗ:
ಇಲ್ಲ. ಪೊಲೀಸರು ಅದನ್ನು ಗುಟ್ಟಾಗಿಟ್ಟಿದ್ದರೆಂದು ಒಬ್ಬ ನಿವೃತ್ತ ಅಧಿಕಾರಿ ಮಾತಿನ ಮಧ್ಯೆ ಹೇಳಿಹೋಗುತ್ತಾನೆ.

ಸಾಗರದ ಮೇಷ್ಟರು:
ಹಾಗಾದರೆ ನೀವು ಮೋಸವೆಂದದ್ದೇ ಸುಳಿವು. ಆ ವಿವರ ಗೊತ್ತಿರಬೇಕಾದರೆ ಹಳೆಯ ಕಡತವನ್ನು ಓದಿದವರೇ ಆಗಿರಬೇಕು. ಕಾದಂಬರಿಯಲ್ಲಿ ಅಂಥವರು ಎಷ್ಟು ಮಂದಿ ಇದ್ದರು?